ಮುಗಿಯದ ಗ್ರಹಣ

1980ರ ಫೆಬ್ರವರಿ 16, ಶನಿವಾರ, ಅಮಾವಾಸ್ಯೆ. ಹುಬ್ಬಳ್ಳಿಯ ನಮ್ಮ ಓಣಿ ಮಧ್ಯಾಹ್ನದಿಂದಲೇ ಬಿಕೋ ಎನ್ನುತ್ತಿತ್ತು. ನೀರಿನ ಹಂಡೆಗೂ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿ, ಮಕ್ಕಳನ್ನೆಲ್ಲ ಒಳಗೆ ಕೂಡಿಸಿ, ಅಗಳಿ ಜಡಿದಿದ್ದರು. ಐದನೆಯ ಇಯತ್ತೆಯಲ್ಲಿದ್ದ ನಾನು, ಹೊರಗೆ ನೋಡುವ ಹಾಗಿಲ್ಲವೆಂದ ಮೇಲೆ, ನೆಲ ನೋಡುತ್ತ ಕೂತೆ. ಹಂಚಿನ ಸಂದಿಯಿಂದ ದಿನವೂ ಬೀಳುತ್ತಿದ್ದ ದುಂಡನೆಯ ಬಿಸಿಲ ಬಿಲ್ಲೆಗಳು ಅವತ್ತು ಒಂದು ಬದಿಯಿಂದ ಕರಗುತ್ತ ಬಂದವು. ಅರ್ಧವಾದವು, ಬಿದಿಗೆ ಚಂದ್ರನಂತಾದವು, ಗೀರಿನಷ್ಟಾಗಿ ಆರಿಹೋದವು. ಮೂರು ನಿಮಿಷವೂ ಇರಲಿಲ್ಲ ಆ ಕತ್ತಲೆ. ಮತ್ತೆ ಇನ್ನೊಂದು ಬದಿಯಿಂದ ಗೀರು ಮೂಡಿತು. ಆ ಕತ್ತಲೆಯಲ್ಲಿ ನಮ್ಮ ಹಂಚಿನ ಮೇಲಿನ ಆಕಾಶದಲ್ಲಿ ಏನಿತ್ತೋ ಅದನ್ನು ನಾನು ನೋಡಲಿಲ್ಲ. ಆ ಕೊರಗು ಈಗಲೂ ಇದೆ.

ಅಲ್ಲಿದ್ದದ್ದು ಕರೋನಾ, ಸೂರ್ಯನ ಹೊರ ವಾತಾವರಣ. ಅಂಕೋಲೆ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದ ಆ ಖಗ್ರಾಸ ಗ್ರಹಣವನ್ನು ಅಧ್ಯಯನ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಣು ಬಪ್ಪು ಇದ್ದರು, ಜಗದೇವ್ ಸಿಂಗ್ ಇದ್ದರು. ಸಿಂಗ್ ಮುಂದಿನ ಮೂವತ್ತು ವರ್ಷ ಗ್ರಹಣಗಳ ಬೆನ್ನುಹತ್ತಿ ತಿರುಗಿದರು. ತಿಂಗಳುಗಟ್ಟಲೆ ತಯಾರಿ, ಪೆಟ್ಟಿಗೆಗಟ್ಟಲೆ ಉಪಕರಣ, ದೂರದ ಪ್ರಯಾಣ. ನೋಡಲು ಸಿಗುವುದು ಕೆಲವೇ ನಿಮಿಷ. ಆ ಹೊತ್ತಿಗೇ ಮೋಡ ಕವಿದರೆ ಅದೂ ಇಲ್ಲ. ಗ್ರಹಣ ಮುಗಿಯದೇ ಇದ್ದಿದ್ದರೆ ಎಂಬ ಆಸೆ ಅವರಲ್ಲಿ ಹುಟ್ಟಿದ್ದು ಸಹಜವೇ. ಇಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣದ ಮೂಲ ಆ ಆಸೆಯಲ್ಲಿದೆ.

ಕರೋನಾವನ್ನೇ ಏಕೆ ಇಷ್ಟು ಹಂಬಲಿಸಿ ನೋಡಬೇಕು? 1869ರ ಗ್ರಹಣದಲ್ಲಿ ಅದರ ರೋಹಿತದಲ್ಲಿ ಒಂದು ಹಸಿರು ರೇಖೆ ಕಂಡಿತ್ತು. ಭೂಮಿಯ ಮೇಲಿನ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಹೊಸ ಮೂಲವಸ್ತುವೇ ಇರಬೇಕೆಂದು ‘ಕೊರೋನಿಯಂ’ ಎಂಬ ಹೆಸರನ್ನೂ ಇಟ್ಟರು. ಎಪ್ಪತ್ತು ವರ್ಷದ ಮೇಲೆ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಗುಟ್ಟು ಬಿಡಿಸಿದರು: ಅದು ನಮ್ಮ ಕಬ್ಬಿಣವೇ, ಆದರೆ 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ. ಕಬ್ಬಿಣದ ಪರಮಾಣು ಅಷ್ಟು ಬೆತ್ತಲಾಗಬೇಕಾದರೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ಶಾಖ ಬೇಕು. ಕಣ್ಣಿಗೆ ಕಾಣುವ ಸೂರ್ಯನ ಮೈಯಾದರೋ 5,500 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಒಲೆಯಿಂದ ದೂರ ಸರಿದಷ್ಟೂ ಬಿಸಿ ಹೆಚ್ಚಿದ ಹಾಗಾಯಿತು ಇದು! ಈ ಒಗಟಿನ ಬೀಗದ ಕೈ ಸೂರ್ಯನ ಕಾಂತಕ್ಷೇತ್ರದಲ್ಲಿದೆ ಎಂಬ ಬಗ್ಗೆ ಅನುಮಾನವಿಲ್ಲ. ಅದು ಶಕ್ತಿಯನ್ನು ಮೇಲಕ್ಕೆ ಸಾಗಿಸಿ ಅಲ್ಲಿ ಸುರಿಯುವ ಬಗೆ ಹೇಗೆಂಬ ಚರ್ಚೆ ಮಾತ್ರ ಇನ್ನೂ ನಡೆದಿದೆ.

ಸೂರ್ಯನಲ್ಲಿ ಕಾಂತವಿದೆಯೆಂದು ತೋರಿಸಿದವರು ಅಮೆರಿಕದ ಜಾರ್ಜ್ ಎಲರಿ ಹೇಲ್. 1908ರಲ್ಲಿ ಮೌಂಟ್ ವಿಲ್ಸನ್‌ನಲ್ಲಿ ಅವರು ಸೌರಕಲೆಯ ಬೆಳಕನ್ನು ಬಿಡಿಸಿ ನೋಡಿದಾಗ ರೋಹಿತ ರೇಖೆಗಳು ಸೀಳಿದ್ದವು. ಬಲವಾದ ಕಾಂತಕ್ಷೇತ್ರದಲ್ಲಿ ರೇಖೆ ಸೀಳುತ್ತದೆ ಎಂಬುದನ್ನು ಝೀಮನ್ ಮೊದಲೇ ಪ್ರಯೋಗಶಾಲೆಯಲ್ಲಿ ಕಂಡುಕೊಂಡಿದ್ದರು. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್. ದೊಡ್ಡ ಸೌರಕಲೆಯದು 3,000 ಗಾಸ್‌ವರೆಗೂ ಹೋಗುತ್ತದೆ. ಸೌರಕಲೆಯೆಂದರೆ ಸುಳಿಗಾಳಿ ಎಂದು ಹೇಲ್ ತಿಳಿದಿದ್ದರು. ಮರುವರ್ಷ ಜನವರಿಯಲ್ಲಿ ಕೊಡೈಕೆನಾಲ್‌ನಲ್ಲಿ ಜಾನ್ ಎವರ್‌ಶೆಡ್ ನೋಡಿದರೆ ಅನಿಲ ಸುತ್ತುತ್ತಿರಲಿಲ್ಲ, ಕಲೆಯ ಅಂಚಿನಲ್ಲಿ ನಡುವಿನಿಂದ ಹೊರಕ್ಕೆ ಹರಿಯುತ್ತಿತ್ತು. ಕೊಡೈಕೆನಾಲ್ ವೀಕ್ಷಣಾಲಯದ ಹಿಂದೆ ಇನ್ನೊಂದು ಕಥೆಯಿದೆ. ಧಾತು-ಈಶ್ವರ ಸಂವತ್ಸರಗಳ ಭೀಕರ ಬರ ಮದ್ರಾಸು, ಮೈಸೂರು ಸೀಮೆಗಳನ್ನು ಹಿಂಡಿದ ಮೇಲೆ, ಸೂರ್ಯನಿಗೂ ನಮ್ಮ ಮಳೆಗೂ ನಂಟಿದೆಯೇ ಎಂದು ಹುಡುಕುವ ಹಂಬಲದಿಂದ ಕಟ್ಟಿಸಿದ್ದು ಅದು. ಬೆಂಗಳೂರಿನ ಸಂಸ್ಥೆ ಬೆಳೆದದ್ದು ಅದೇ ಬೇರಿನಿಂದ.

ಗ್ರಹಣವನ್ನು ಕೈಯಾರೆ ಮಾಡುವ ಉಪಾಯ 1930ರ ದಶಕದಲ್ಲೇ ಹೊಳೆದಿತ್ತು. ದೂರದರ್ಶಕದೊಳಗೆ ಪುಟ್ಟ ಬಿಲ್ಲೆಯೊಂದನ್ನಿಟ್ಟು ಸೂರ್ಯನ ಮುಖ ಮುಚ್ಚಿದ ಫ್ರಾನ್ಸಿನ ಬರ್ನಾರ್ಡ್ ಲಿಯೋ ಕರೋನಾಗ್ರಾಫ್‌ನ ಜನಕ. ಆದರೆ ಕರೋನಾದ ಬೆಳಕು ಸೂರ್ಯಬಿಂಬದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ನಮ್ಮ ನೀಲಿ ಆಕಾಶದ ಹೊಳಪೇ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಆಕಾಶ ಕಪ್ಪಾಗಿರುವಲ್ಲಿಗೇ ಹೋಗಬೇಕಾಯಿತು. ನಮ್ಮ ಓಣಿ ಬಾಗಿಲು ಹಾಕಿಕೊಂಡು ಕೂತದ್ದಕ್ಕೆ ಎರಡೇ ದಿನ ಮೊದಲು, ಫೆಬ್ರವರಿ 14ರಂದು, ನಾಸಾ ಸೋಲಾರ್ ಮ್ಯಾಕ್ಸಿಮಮ್ ಮಿಷನ್ ಎಂಬ ಉಪಗ್ರಹವನ್ನು ಕರೋನಾಗ್ರಾಫ್ ಸಮೇತ ಹಾರಿಸಿತ್ತು. ವರ್ಷ ಕಳೆಯುವ ಮೊದಲೇ ಅದರ ದಿಕ್ಕು ಹಿಡಿಯುವ ವ್ಯವಸ್ಥೆ ಕೆಟ್ಟಿತು. 1984ರಲ್ಲಿ ಚಾಲೆಂಜರ್ ನೌಕೆಯ ಗಗನಯಾತ್ರಿಗಳು ಹೋಗಿ, ಹಿಡಿದು, ರಿಪೇರಿ ಮಾಡಿ ಬಿಟ್ಟರು.

ಇದಕ್ಕಿಂತ ಮೈನವಿರೇಳಿಸುವುದು ಸೋಹೋದ ಕಥೆ. 1995ರ ಡಿಸೆಂಬರ್ 2ರಂದು ಹಾರಿದ ಈ ಯುರೋಪ್-ಅಮೆರಿಕ ನೌಕೆ ಎಲ್1 ಬಿಂದುವಿನ ಸುತ್ತ ನಿಂತು ಸೂರ್ಯನ ಮೈಮೇಲಿನ ಕಾಂತಕ್ಷೇತ್ರದ ನಕ್ಷೆ ಬರೆಯುತ್ತಿತ್ತು. ಭೂಮಿ ಮತ್ತು ಸೂರ್ಯರ ಸೆಳೆತ ಹದವಾಗಿ, ನೌಕೆ ಭೂಮಿಯ ಜತೆಗೇ ಸೂರ್ಯನನ್ನು ಸುತ್ತುವ ಜಾಗ ಅದು. ಅಲ್ಲಿ ರಾತ್ರಿಯಿಲ್ಲ, ಭೂಮಿ ಅಡ್ಡ ಬರುವುದಿಲ್ಲ. 1998ರ ಜೂನ್ 25ರಂದು ಸೋಹೋ ಮಾತು ನಿಲ್ಲಿಸಿತು. ನಾಲ್ಕು ವಾರದ ಮೇಲೆ ಅರೆಸಿಬೋದ ದೈತ್ಯ ಆಂಟೆನಾದಿಂದ ರೇಡಾರ್ ಅಲೆ ಕಳಿಸಿ, ಅದು ಮೆಲ್ಲಗೆ ಗಿರಗಿರ ತಿರುಗುತ್ತಿದೆಯೆಂದು ಪತ್ತೆ ಮಾಡಿದರು. ಇಂಧನ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸಿ, ಸೆಪ್ಟೆಂಬರಿಗೆ ನೌಕೆಯನ್ನು ಮತ್ತೆ ಸೂರ್ಯನತ್ತ ತಿರುಗಿಸಿದರು. ಡಿಸೆಂಬರಿನಲ್ಲಿ ಅದರ ಕೊನೆಯ ಗೈರೊಸ್ಕೋಪ್ ಕೆಟ್ಟಾಗ, ಗೈರೊಸ್ಕೋಪೇ ಇಲ್ಲದೆ ನಡೆಯುವಂತೆ ಹೊಸ ತಂತ್ರಾಂಶ ಬರೆದು ಕಳಿಸಿದರು.

ನಮ್ಮ ಆದಿತ್ಯದ ಯೋಚನೆ ರೂಪುಗೊಂಡದ್ದು 2008ರಲ್ಲಿ. ಒಂದೇ ಒಂದು ಕರೋನಾಗ್ರಾಫ್ ಹೊತ್ತ, 400 ಕೆ.ಜಿ.ಯ ಉಪಗ್ರಹವನ್ನು 800 ಕಿಲೋಮೀಟರ್ ಎತ್ತರದಲ್ಲಿ ತಿರುಗಿಸುವುದು ಮೊದಲ ಲೆಕ್ಕಾಚಾರ. ಆಮೇಲೆ ಎಲ್1ಗೇ ಹೋಗೋಣವೆಂದಾಯಿತು, ಉಪಕರಣಗಳು ಏಳಾದವು. ಅವುಗಳಲ್ಲಿ ದೊಡ್ಡದಾದ ವೆಲ್ಕ್ ಎಂಬ ಕರೋನಾಗ್ರಾಫನ್ನು ಖಭೌತ ಸಂಸ್ಥೆ ತನ್ನ ಹೊಸಕೋಟೆಯ ಆವರಣದಲ್ಲಿ ಕಟ್ಟಿತು. ಒಂದು ಧೂಳಿನ ಕಣ ಕನ್ನಡಿಯ ಮೇಲೆ ಕೂತರೂ ಅದು ಚದುರಿಸುವ ಬೆಳಕು ಕರೋನಾವನ್ನು ಮರೆಸಬಲ್ಲದು. ಅದಕ್ಕೇ ಅಷ್ಟು ಶುಚಿ, ಅಷ್ಟು ನಯವಾದ ಕನ್ನಡಿ. ಉಪಾಯವೂ ಸೊಗಸಾಗಿದೆ. ಎರಡನೆಯ ಕನ್ನಡಿಯ ನಡುವೆ ಒಂದು ತೂತು. ಸೂರ್ಯಬಿಂಬದ ಉರಿಬೆಳಕು ಆ ತೂತಿನಲ್ಲಿ ಹೊರಟುಹೋಗುತ್ತದೆ. ಸುತ್ತಲಿನ ಕರೋನಾದ ಬೆಳಕು ಮಾತ್ರ ಕನ್ನಡಿಗೆ ತಾಗಿ ಒಳಬರುತ್ತದೆ. ಹಂಚಿನ ಸಂದಿಯಲ್ಲಿ ಬಿಸಿಲು ನೋಡಿ ಬೆಳೆದ ನನಗೆ, ಬೆಳಕನ್ನು ಸೋಸುವ ಈ ತೂತಿನ ಮೇಲೆ ವಿಶೇಷ ಮಮತೆ.

190 ಕೆ.ಜಿ.ಯ ವೆಲ್ಕ್ 2023ರ ಜನವರಿ 26ರಂದು ಇಸ್ರೊ ಕೈಸೇರಿತು. ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಹಾರಿತು. 2024ರ ಜನವರಿ 6ರ ಸಂಜೆ ಆದಿತ್ಯ ತನ್ನ ಕಕ್ಷೆ ಸೇರಿತು. ಐದು ದಿನಕ್ಕೆ, ಬೆಂಗಳೂರಿನಲ್ಲೇ ತಯಾರಾದ ಕಾಂತಮಾಪಕವನ್ನು ಹೊತ್ತ ಆರು ಮೀಟರ್ ಉದ್ದದ ತೋಳು ಬಿಚ್ಚಿಕೊಂಡಿತು. ನೌಕೆಯ ಸ್ವಂತ ವಿದ್ಯುತ್ತಿನ ಕಾಂತ ಅಳತೆಯನ್ನು ಕೆಡಿಸಬಾರದೆಂದು ಅಷ್ಟು ದೂರ.

ಅದೇ ವರ್ಷ ಮೇ 10ರ ಹೊತ್ತಿಗೆ ಸೂರ್ಯನ ಒಂದು ದೊಡ್ಡ ಕಲೆಗುಂಪು ಸಾಲುಸಾಲಾಗಿ ಕಾಂತಭರಿತ ಪ್ಲಾಸ್ಮಾ ಉಗುಳಿತು. ಲಡಾಖಿನ ಹಾನ್ಲೆಯಲ್ಲಿ ರಾತ್ರಿಯ ಆಕಾಶ ಕೆಂಪಾಯಿತು. ಆದಿತ್ಯದ ಉಪಕರಣಗಳು ಆ ಉಗುಳನ್ನು ದಾಖಲಿಸಿದವು. ಇಂಥ ಉಗುಳು ಭೂಮಿಗೆ ಎಷ್ಟು ಕಾಡುತ್ತದೆಂಬುದು ಅದರೊಳಗಿನ ಕಾಂತ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಬಹಳವಾಗಿ ಅವಲಂಬಿಸಿದೆ. ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕವಚದೊಡನೆ ಬೆಸೆದುಕೊಂಡು ಒಳಕ್ಕೆ ಶಕ್ತಿ ಸುರಿಯುತ್ತದೆ. ಉತ್ತರಕ್ಕಿದ್ದರೆ ಬಹುಪಾಲು ಸವರಿಕೊಂಡು ಹೋಗುತ್ತದೆ. ಇದು ಖಚಿತವಾಗಿ ಗೊತ್ತಾಗುವುದು ಅದು ಎಲ್1 ತಲುಪಿದ ಮೇಲೆ. ಸೆಕೆಂಡಿಗೆ ಐನೂರು, ಎಂಟುನೂರು ಕಿಲೋಮೀಟರ್ ವೇಗದಲ್ಲಿ ಬರುವ ಮಾರಿಗೆ ಅಲ್ಲಿಂದ ನಮ್ಮ ಮನೆ ಅರ್ಧ, ಮುಕ್ಕಾಲು ಗಂಟೆಯ ದಾರಿ.

ಉಗುಳು ಹೊರಡುವ ಮೊದಲೇ, ಕರೋನಾದಲ್ಲಿರುವಾಗಲೇ ಆ ಕಾಂತವನ್ನು ಓದಬಲ್ಲೆವಾದರೆ ಒಂದೆರಡು ದಿನದ ಮುನ್ಸೂಚನೆ ಸಿಗುತ್ತದೆ. ಅಲ್ಲಿನ ಕ್ಷೇತ್ರವೋ ಸೌರಕಲೆಯದರ ಮುಂದೆ ಬಲು ದುರ್ಬಲ, ಹೆಚ್ಚಿನ ಕಡೆ ಬೆರಳೆಣಿಕೆಯ ಗಾಸ್. ಅಷ್ಟು ಶಾಖದಲ್ಲಿ ರೋಹಿತ ರೇಖೆಗಳು ಹಿಗ್ಗಿ ಮಸುಕಾಗಿರುತ್ತವೆ, ಸೀಳು ಅದರಲ್ಲಿ ಮುಳುಗಿಹೋಗುತ್ತದೆ. ತರಂಗ ಉದ್ದವಾದಷ್ಟೂ ಸೀಳು ಎದ್ದು ಕಾಣುವುದರಿಂದ ವೆಲ್ಕ್ ಇದಕ್ಕಾಗಿ ಆರಿಸಿಕೊಂಡದ್ದು ಕಬ್ಬಿಣದ ಅವಕೆಂಪು ರೇಖೆಯೊಂದನ್ನು, 1074.7 ನ್ಯಾನೊಮೀಟರಿನದು. ನೆಲದ ಮೇಲೆ ಇದೇ ಕೆಲಸವನ್ನು ಗೌರಿಬಿದನೂರಿನ ಹೊಲಗಳ ನಡುವಿನ ರೇಡಿಯೊ ಆಂಟೆನಾಗಳು ಬೇರೆ ದಾರಿಯಿಂದ ಮಾಡುತ್ತ ಬಂದಿವೆ: ಕರೋನಾ ಕಳಿಸುವ ರೇಡಿಯೊ ಅಲೆಗಳು ಎಷ್ಟು ತಿರುಚಿಕೊಂಡಿವೆಯೆಂದು ನೋಡಿ ಕಾಂತದ ಬಲ ಅಂದಾಜಿಸುತ್ತವೆ. ಆ ಕೆಲಸದಲ್ಲಿ ಪಳಗಿದ ಆರ್. ರಮೇಶ್ ಅವರೇ ಈಗ ವೆಲ್ಕ್‌ನ ಪ್ರಧಾನ ಸಂಶೋಧಕರು. ಹೊಲದ ಆಂಟೆನಾ ಹೇಳುವುದನ್ನೂ ದೂರದ ಕನ್ನಡಿ ಹೇಳುವುದನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸ ಅವರ ಮೇಜಿನ ಮೇಲಿದೆ.