ಮಂಡಿ ಮೊಹಲ್ಲಾದ ಮಗ್ಗುಲಲ್ಲಿ ಕವಾಯತು

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲಿ ಹಬ್ಬಿಕೊಂಡಿರುವ ಮಂಡಿ ಮೊಹಲ್ಲಾ ಹೆಸರಿಗೆ ತಕ್ಕಂತೆ ವ್ಯಾಪಾರದ ನೆಲೆ. ಇಲ್ಲಿ ಕಬೀರನ ಹೆಸರಿನ ರಸ್ತೆಯೊಂದುಂಟು, ಅಕ್ಬರನ ಹೆಸರಿನದೊಂದುಂಟು, ಪುಲಿಕೇಶಿಯ ಹೆಸರಿನದೂ ಒಂದುಂಟು. ನೆರೆಯ ಮೊಹಲ್ಲಾದ ಹೆಸರು ಲಷ್ಕರ್, ಎಂದರೆ ದಂಡು. ತಕ್ಕಡಿಯೂ ಕತ್ತಿಯೂ ಹೀಗೆ ಅಕ್ಕಪಕ್ಕದಲ್ಲಿ ಬಾಳಿದ ಊರು ಇದು. ವಿಜಯದಶಮಿಯಂದು ಜಂಬೂ ಸವಾರಿಯು ಇದೇ ಸಯ್ಯಾಜಿರಾವ್ ರಸ್ತೆಯನ್ನು ಹಾದು ಬನ್ನಿಮಂಟಪಕ್ಕೆ ಸಾಗುವಾಗ, ಪೊಲೀಸ್ ಪಡೆಗಳ ಜೊತೆಯಲ್ಲಿ ಕಾಲೇಜು ಹುಡುಗರ ತುಕಡಿಯೊಂದು ಹೆಜ್ಜೆ ಹಾಕುವುದನ್ನು ಕಂಡವರು ಅನೇಕರು. ಅವರೇ ರಾಷ್ಟ್ರೀಯ ವಿದ್ಯಾರ್ಥಿ ದಳದವರು. ಜನರ ಬಾಯಲ್ಲಿ ಎನ್.ಸಿ.ಸಿ.

ಮಗ ಈ ದಳಕ್ಕೆ ಹೆಸರು ಕೊಟ್ಟು ಬಂದನೆಂದರೆ ವ್ಯಾಪಾರದ ಮನೆಗಳಲ್ಲಿ ಮೊದಲು ಏಳುವುದು ಎರಡು ಪ್ರಶ್ನೆ. ಯುದ್ಧ ಬಂದರೆ ಹುಡುಗನನ್ನು ಎಳೆದೊಯ್ಯುವರೇ? ಅಂಗಡಿಗೆ ಕೈಯೊಂದು ಬೇಕಾಗಿರುವಾಗ ಈ ಕವಾಯತಿನಿಂದ ಬರುವ ಲಾಭವೇನು? ಮೊದಲನೆಯದಕ್ಕೆ ಉತ್ತರ ಸುಲಭ. 1948ರ ಕಾಯಿದೆಯಂತೆ, ದಳದ ಸದಸ್ಯನೆಂಬ ಕಾರಣಕ್ಕಾಗಿ ಯಾವ ವಿದ್ಯಾರ್ಥಿಯೂ ರಣರಂಗದ ಸೇವೆಗೆ ಬದ್ಧನಲ್ಲ. ಎರಡನೆಯ ಪ್ರಶ್ನೆಯೇ ವಿಚಾರಕ್ಕೆ ಯೋಗ್ಯವಾದುದು.

ಈ ಶಿಕ್ಷಣದ ಬೇರು ಪರಕೀಯರ ಆಳಿಕೆಯ ಕಾಲದ್ದು. ಮೊದಲನೆಯ ಮಹಾಯುದ್ಧದಲ್ಲಿ ಸೇನೆಗೆ ಜನರ ಕೊರತೆ ತಲೆದೋರಿದಾಗ, 1917ರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಸೈನಿಕ ಶಿಕ್ಷಣ ಆರಂಭವಾಯಿತು. 1920ರ ಕಾಯಿದೆಯಿಂದ ಅದು ವಿಶ್ವವಿದ್ಯಾನಿಲಯ ಶಿಕ್ಷಣ ದಳವೆನಿಸಿತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅದರ ಹೆಸರಿಗೆ ‘ಅಧಿಕಾರಿಗಳ’ ಎಂಬ ಮಾತೂ ಸೇರಿತು. ಆದರೆ ಅದು ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ. 1946ರಲ್ಲಿ ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಸಮಿತಿ ಇಡೀ ವಿಷಯವನ್ನು ಹೊಸದಾಗಿ ಪರಿಶೀಲಿಸಿತು. ಅದರ ಸಲಹೆಯಂತೆ 1948ರ ಜುಲೈ 15ರಂದು ಇಂದಿನ ದಳ ರೂಪುಗೊಂಡಿತು. ಮರುವರ್ಷವೇ ಹುಡುಗಿಯರ ವಿಭಾಗವೂ ಬಂದಿತು. ವಾಯುವಿಭಾಗ 1950ರಲ್ಲಿ, ನೌಕಾವಿಭಾಗ 1952ರಲ್ಲಿ ಸೇರಿದುವು.

ದಳಕ್ಕೆ ಸೇರಿದ ಹುಡುಗ ಮೊದಲು ಕಲಿಯುವುದು ನಡೆಯುವುದನ್ನು! ಹದಿನೇಳು ವರ್ಷ ನಡೆದವನಿಗೆ ಇದು ವಿನೋದವಾಗಿ ಕಾಣಬಹುದು. ‘ತೇಜ್ ಚಲ್’ ಎಂಬ ಆಜ್ಞೆ ಬಿದ್ದೊಡನೆ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆಗೆ 30 ಅಂಗುಲ. ಎತ್ತರದವನು ತನ್ನ ಕಾಲನ್ನು ತಡೆಯಬೇಕು, ಗಿಡ್ಡನು ನೀಡಬೇಕು. ‘ಥಮ್’ ಎಂದಾಗ ಮೂವತ್ತು ಜೋಡಿ ಬೂಟುಗಳಿಂದ ಒಂದೇ ಸದ್ದು ಏಳಬೇಕು. ಒಬ್ಬನ ಎಡವಟ್ಟು ಇಡೀ ಸಾಲಿನ ಎಡವಟ್ಟಾಗುತ್ತದೆ. ತನ್ನ ಕಾಲಿಗೆ ತಾನೊಬ್ಬನೇ ಒಡೆಯನಲ್ಲವೆಂಬ ಪಾಠ ಇಲ್ಲಿ ಉಪನ್ಯಾಸವಿಲ್ಲದೆ ಮನಸ್ಸಿಗೆ ನಾಟುತ್ತದೆ.

ಅನಂತರ ಬಂದೂಕು. .22 ರೈಫಲನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವುದನ್ನು ಕಲಿತ ಮೇಲೆಯೇ ಗುಂಡು ಕೈಗೆ ಬರುತ್ತದೆ. ನೆಲದ ಮೇಲೆ ಬೋರಲು ಮಲಗಿ, ಉಸಿರನ್ನು ಅರೆಕ್ಷಣ ಹಿಡಿದು, ಕುದುರೆಯನ್ನು ಮೆಲ್ಲನೆ ಒತ್ತಬೇಕು. ಆರಂಭದಲ್ಲಿ ಶಿಕ್ಷಕರು ನೋಡುವುದು ಗುಂಡು ಗುರಿಯ ನಡುವಿಗೆ ಬಿತ್ತೇ ಎಂಬುದನ್ನಲ್ಲ, ಹಾರಿಸಿದ ಗುಂಡುಗಳೆಲ್ಲ ಒಂದರ ಪಕ್ಕ ಒಂದು ಬಿದ್ದುವೇ ಎಂಬುದನ್ನು. ಎಲ್ಲವೂ ಒಂದೆಡೆ ಬಿದ್ದಿದ್ದರೆ ತಪ್ಪನ್ನು ತಿದ್ದಬಹುದು. ಚೆದರಿದ್ದರೆ ಕೈಯೇ ಸ್ಥಿರವಿಲ್ಲವೆಂದು ಅರ್ಥ. ಅದೃಷ್ಟದಿಂದ ಒಮ್ಮೆ ನಡುವಿಗೆ ಬಿದ್ದ ಗುಂಡಿಗೆ ಇಲ್ಲಿ ಬೆಲೆಯಿಲ್ಲ.

ಭೂಪಟದ ಪಾಠವೂ ರಸವತ್ತಾದುದೇ. ಗಲ್ಲಿಗಳನ್ನು ಅಂಗಡಿಗಳ ಗುರುತಿನಿಂದ ಬಲ್ಲ ಹುಡುಗ ಇಲ್ಲಿ ದಿಕ್ಸೂಚಿಯನ್ನಿಟ್ಟು ಉತ್ತರವನ್ನು ಹುಡುಕುತ್ತಾನೆ. ಆರು ಅಂಕಿಗಳಲ್ಲಿ ಒಂದು ಸ್ಥಳವನ್ನು ಹೇಳಲು ಕಲಿಯುತ್ತಾನೆ. ಬಯಲಿನಲ್ಲಿ ನಿಂತು ಎರಡು ಗುರುತುಗಳನ್ನು ನೋಡಿ ತಾನಿರುವ ಜಾಗವನ್ನು ಗೊತ್ತುಮಾಡುವ ವಿಧಾನವೂ ಉಂಟು. ಅದಕ್ಕೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಗುರುತು ಮೈಸೂರಿನವನಿಗೆ ಬೇರೆ ಯಾವುದಿದೆ?

ಈ ಎಲ್ಲವೂ ಒಟ್ಟುಗೂಡುವುದು ಹತ್ತು ದಿನಗಳ ವಾರ್ಷಿಕ ಶಿಬಿರದಲ್ಲಿ. ನಸುಕಿನಲ್ಲೇ ಏಳುವುದು, ಹಾಸಿಗೆಯನ್ನು ತಾನೇ ಮಡಿಸುವುದು, ತಟ್ಟೆಯನ್ನು ತಾನೇ ತೊಳೆಯುವುದು, ಸರದಿಯಂತೆ ರಾತ್ರಿ ಪಹರೆ ನಿಲ್ಲುವುದು. ಯಾವ ಬೀದಿಯವನು, ಯಾವ ಮನೆಯವನು ಎಂದು ಕೇಳದೆ ಪಂಕ್ತಿಯಲ್ಲಿ ನಿಲ್ಲಿಸಿ ಬಡಿಸುವ ಊಟ. ಪಕ್ಕದ ಹಾಸಿಗೆಯವನು ಬೇರೆ ಊರಿನವನು, ಬೇರೆ ಮತದವನು ಆಗಿರಬಹುದು. ಬೆಳಿಗ್ಗೆ ಅವನು ಎದ್ದಿಲ್ಲವಾದರೆ ಎಬ್ಬಿಸುವುದು ತನ್ನ ಹೊಣೆ. ಮನೆಯಲ್ಲಿ ತಾಯಿ ಹತ್ತು ಸಲ ಹೇಳಿ ಸೋತದ್ದನ್ನು ಶಿಬಿರದ ಸೀಟಿಯೊಂದು ಸಾಧಿಸುತ್ತದೆ.

ಈ ಕಾರ್ಯವನ್ನು ನಡೆಸುವವರು ಎರಡು ಬಗೆಯವರು. ಸೇನೆಯಿಂದ ಬಂದ ಅಧಿಕಾರಿಗಳು ಮತ್ತು ಹವಾಲ್ದಾರರು ಒಂದು ಕಡೆ. ಕಾಲೇಜಿನ ಅಧ್ಯಾಪಕರೇ ಆದ ಸಹಾಯಕ ಅಧಿಕಾರಿಗಳು ಇನ್ನೊಂದು ಕಡೆ. ಈ ಅಧ್ಯಾಪಕರು ನಾಗಪುರದ ಬಳಿಯ ಕಾಂಪ್ಟಿಗೂ, ಅಧ್ಯಾಪಿಕೆಯರು ಗ್ವಾಲಿಯರಿಗೂ ಹೋಗಿ ತಾವೇ ವಿದ್ಯಾರ್ಥಿಗಳಾಗಿ ಕವಾಯತು ಕಲಿತು ಬರುತ್ತಾರೆ. ಮೈದಾನ, ಬಂದೂಕು, ಸಮವಸ್ತ್ರಗಳಿಗಿಂತ ಮಿಗಿಲಾದ ಸೌಕರ್ಯವೆಂದರೆ ಇಂಥ ಒಬ್ಬ ಅಧ್ಯಾಪಕ. ಅವನು ಆಸಕ್ತನಾಗಿದ್ದರೆ ದಳ ಬೆಳೆಯುತ್ತದೆ. ಇಲ್ಲವಾದರೆ ಹಾಜರಿ ಪುಸ್ತಕ ಮಾತ್ರ ಉಳಿಯುತ್ತದೆ.

ಈ ಮಾತಿಗೆ ಇತಿಹಾಸದ ಸಾಕ್ಷಿಯಿದೆ. 1962ರ ಚೀನಾ ಆಕ್ರಮಣದಿಂದ ದೇಶ ತಲ್ಲಣಿಸಿದಾಗ, 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಈ ಶಿಕ್ಷಣವನ್ನು ಕಡ್ಡಾಯಗೊಳಿಸಲಾಯಿತು. ಉದ್ದೇಶ ಉದಾತ್ತವಾದುದೇ. ಆದರೆ ಮನಸ್ಸಿಲ್ಲದ ಕಾಲು ತಾಳಕ್ಕೆ ಬೀಳದು. 1968ರಲ್ಲಿ ಕಡ್ಡಾಯವನ್ನು ಕೈಬಿಟ್ಟು ಮತ್ತೆ ಇಚ್ಛೆಗೆ ಬಿಡಲಾಯಿತು. ಶಿಸ್ತನ್ನು ಕಲಿಸಬಹುದು, ಆದರೆ ಶಿಸ್ತನ್ನು ಬಯಸುವ ಮನಸ್ಸನ್ನು ಆಜ್ಞೆಯಿಂದ ತರಲಾಗದು. ದಳಕ್ಕೆ ಸೇರುವ ಹುಡುಗನು ತಾನಾಗಿ ಬಂದವನೆಂಬುದೇ ಅದರ ನಿಜವಾದ ಬಲ.

ಹಾಗಾದರೆ ಲಾಭ? ಎರಡು ವರ್ಷ ಪೂರೈಸಿದವನು ‘ಬಿ’ ಪ್ರಮಾಣಪತ್ರದ ಪರೀಕ್ಷೆಗೂ, ಮುಂದುವರಿದವನು ‘ಸಿ’ ಪ್ರಮಾಣಪತ್ರದ ಪರೀಕ್ಷೆಗೂ ಕೂಡುತ್ತಾನೆ. ಕವಾಯತಿಗೆ ತಪ್ಪಿಸಿಕೊಂಡವನಿಗೆ ಹಾಜರಿಯ ನಿಯಮ ಅಡ್ಡಬರುತ್ತದೆ. ‘ಸಿ’ ಪರೀಕ್ಷೆಯಲ್ಲಿ ತಕ್ಕ ಶ್ರೇಣಿ ಪಡೆದ ಪದವೀಧರನಿಗೆ, ವಿಶೇಷ ಪ್ರವೇಶದ ಮಾರ್ಗದಿಂದ, ಲಿಖಿತ ಪರೀಕ್ಷೆಯಿಲ್ಲದೆ ಸೇನೆಯ ಆಯ್ಕೆ ಮಂಡಲಿಯ ಮುಂದೆ ನಿಲ್ಲುವ ಅವಕಾಶವುಂಟು. ಅಲ್ಲಿ ಗೆದ್ದವನು ಚೆನ್ನೈನ ಅಧಿಕಾರಿಗಳ ಶಿಕ್ಷಣ ಸಂಸ್ಥೆಗೆ ತೆರಳುತ್ತಾನೆ. ಹುಡುಗಿಯರಿಗೂ ಈ ಬಾಗಿಲು ತೆರೆದಿದೆ.

ಆದರೆ ಆ ಬಾಗಿಲನ್ನು ದಾಟುವವರು ಕೆಲವರೇ. ಹೆಚ್ಚಿನವರು ಬೇರೆ ಉದ್ಯೋಗಕ್ಕೋ, ಮಂಡಿಯ ಅಂಗಡಿಗೋ ಹಿಂದಿರುಗುವವರು. ಹಾಗೆ ಹಿಂದಿರುಗಿದವನ ಬಂಡವಾಳವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದು. ಹೇಳಿದ ಹೊತ್ತಿಗೆ ಬರುವುದು, ಕೊಟ್ಟ ಕೆಲಸವನ್ನು ಮುಗಿಸುವುದು, ಪಕ್ಕದವನ ಹೆಜ್ಜೆಯನ್ನು ಗಮನಿಸಿ ತನ್ನದನ್ನು ಇಡುವುದು, ಇವನ್ನು ಅವನು ಮೈಗೂಡಿಸಿಕೊಂಡಿರುತ್ತಾನೆ. ಕಬೀರನಿಂದ ಪುಲಿಕೇಶಿಯವರೆಗೆ ಎಲ್ಲರ ಹೆಸರನ್ನೂ ಹೊತ್ತ ಬೀದಿಗಳಲ್ಲಿ ಬಾಳುವವನಿಗೆ ಇದಕ್ಕಿಂತ ದೊಡ್ಡ ಲಾಭ ಬೇಕೇ?