ಆ್ಯಪಿನಲ್ಲಿ ತಾರೀಖನ್ನು ಆರಿಸುವ ಕ್ಯಾಲೆಂಡರು

ಶಾಲೆಯ ದಾಖಲೆಪುಸ್ತಕದಲ್ಲಿ ಬರೆಯುವ ಸಂಗತಿಗಳೊಳಗೆ ಅತಿ ಚಿಕ್ಕದಾಗಿದ್ದರೂ ಅತಿ ದೀರ್ಘಕಾಲ ನಿಲ್ಲತಕ್ಕದ್ದು ಹುಟ್ಟಿದ ತಾರೀಖು. ಹತ್ತನೆಯ ತರಗತಿಯ ಅಂಕಪಟ್ಟಿಗೆ ಹೋಗುವದು ಅದೇ. ಮುಂದೆ ಉದ್ಯೋಗಕ್ಕೆ ವಯಸ್ಸಿನ ಪ್ರಮಾಣವಾಗಿ ಅನೇಕವೇಳೆ ಕೇಳಲ್ಪಡುವದೂ ಅದೇ. ಈಗ ಆ ತಾರೀಖು ಲೇಖನಿಯಿಂದಲ್ಲದೆ ಮೊಬೈಲಿನ ಆ್ಯಪಿನ ಮೂಲಕವೂ ಒಳಬರುತ್ತಿರುವದರಿಂದ, ಅದನ್ನು ಅಲ್ಲಿ ಸರಿಯಾಗಿ ಕೇಳಿ ಸರಿಯಾಗಿ ಇಡುವ ಕ್ರಮವನ್ನು, ಆ್ಯಪುಗಳನ್ನು ರಚಿಸಲು ಕಲಿಯುತ್ತಿರುವ ವಿದ್ಯಾರ್ಥಿನಿಯರ ಉಪಯೋಗಾರ್ಥವಾಗಿ ಇಲ್ಲಿ ವಿವರಿಸುತ್ತೇವೆ.

ಖಾಲಿ ಚೌಕವೊಂದನ್ನಿಟ್ಟು ತಾರೀಖನ್ನು ಬರೆಯಿರಿ ಎಂದರೆ ಏನಾಗುವದು? ಒಬ್ಬಳು 3-4-2012 ಎಂದು ಬರೆಯುವಳು. ನಮ್ಮ ದೇಶದ ರೂಢಿಯಂತೆ ಅದು ಏಪ್ರಿಲ್ 3. ಅಮೇರಿಕದ ರೂಢಿಯಂತೆ ಮಾರ್ಚ್ 4. ಮತ್ತೊಬ್ಬಳು 31-6-2012 ಎಂದು ಬರೆದರೆ ಅಂಥ ದಿನವೇ ಇಲ್ಲ. ಕ್ಯಾಲೆಂಡರನ್ನು ಮುಂದಿಟ್ಟು ಅದರಲ್ಲಿ ಆರಿಸಿರಿ ಎಂದರೆ ಈ ಎರಡು ತೊಡಕುಗಳೂ ಪರಿಹಾರವಾಗುವವು. ಯಾಕಂದರೆ ತಿಂಗಳ ಹೆಸರು ಅಕ್ಷರಗಳಲ್ಲಿ ಕಾಣುವದು, ಜೂನಿನ ಪುಟದಲ್ಲಿ 31 ಇರುವದೇ ಇಲ್ಲ.

ಈ ಕ್ಯಾಲೆಂಡರನ್ನು ನಾವೇ ಗೆರೆಯೆಳೆದು ರಚಿಸಬೇಕಾದದ್ದಿಲ್ಲ. ಉದಾಹರಣೆಗಾಗಿ, ಗೂಗಲ್ ಸಂಸ್ಥೆಯವರು 2018ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಹೊರಡಿಸಿದ ಫ್ಲಟರ್ ಎಂಬ ಸಾಧನದಲ್ಲಿ ‘ಶೋ ಡೇಟ್ ಪಿಕರ್’ ಎಂಬ ಸಿದ್ಧವಾದ ಫಂಕ್ಷನ್ ಉಂಟು. ಆ್ಯಪಿನ ಗುಂಡಿಯನ್ನು ಒತ್ತಿದಾಗ ಅದನ್ನು ಕರೆದರೆ ಪರದೆಯ ಮೇಲೆ ಕ್ಯಾಲೆಂಡರು ತೆರೆಯುವದು. ಆರಿಸಬಹುದಾದ ಮೊದಲನೆಯ ದಿನ, ಕಡೆಯ ದಿನ ಎಂಬ ಎರಡು ಎಲ್ಲೆಗಳನ್ನು ಅದಕ್ಕೆ ಕಡ್ಡಾಯವಾಗಿ ತಿಳಿಸಬೇಕು. ಕಡೆಯ ಎಲ್ಲೆಯನ್ನು ಇಂದಿಗೆ ನಿಲ್ಲಿಸಿದರೆ, ಇನ್ನೂ ಬಾರದ ದಿನವನ್ನು ಯಾರೂ ಜನ್ಮದಿನವೆಂದು ಆರಿಸಲಾರರು. ತೆರೆದೊಡನೆ ಯಾವ ದಿನ ಕಾಣಬೇಕೆಂಬದನ್ನೂ ತಿಳಿಸಬಹುದು. ಆದರೆ ಅದು ಈ ಎಲ್ಲೆಗಳ ಒಳಗೇ ಇರತಕ್ಕದ್ದು.

ಮೊದಲು ಇಂದಿನ ತಿಂಗಳೇ ಕಂಡರೆ, 13 ವರ್ಷದ ಹುಡುಗಿಯು ತನ್ನ ಜನ್ಮಮಾಸವನ್ನು ಮುಟ್ಟಲು ಬಾಣದ ಗುರುತನ್ನು 156 ಸಾರಿ ಒತ್ತಬೇಕಾದೀತು. ಮೇಲಿರುವ ವರ್ಷವನ್ನು ಒತ್ತಿದರೆ ವರ್ಷಗಳ ಪಟ್ಟಿ ಬರುವದೆಂದು ಎಲ್ಲರೂ ಅರಿಯರು. ಬೇಸತ್ತವರು ಯಾವದೋ ಒಂದು ದಿನವನ್ನು ಒತ್ತಿ ಮುಂದೆ ಸಾಗುವರು. ಆದುದರಿಂದ ವರ್ಷಗಳ ಪಟ್ಟಿಯೇ ಮೊದಲು ತೆರೆಯುವಂತೆ ಏರ್ಪಡಿಸುವದು ಲೇಸು. ಫ್ಲಟರಿನಲ್ಲಿ ಇದಕ್ಕೆ ಅನುಕೂಲವುಂಟು. ಭಾಷೆಗಳ ಪ್ಯಾಕೇಜನ್ನು ಸೇರಿಸಿ ಕನ್ನಡವನ್ನು ಗೊತ್ತುಮಾಡಿದರೆ ತಿಂಗಳುಗಳ ಹೆಸರುಗಳು ಕನ್ನಡದಲ್ಲಿಯೇ ಬರುವವು. ಇಂಗ್ಲಿಷು ಬಾರದ ತಾಯಿಯೂ ಮಗಳ ಪಕ್ಕದಲ್ಲಿ ಕುಳಿತು ಸರಿನೋಡಬಹುದು.

ಏನನ್ನೂ ಆರಿಸದೆ ಕ್ಯಾಲೆಂಡರನ್ನು ಮುಚ್ಚಿದರೆ ಆ ಫಂಕ್ಷನ್ ‘ನಲ್’ ಎಂದು, ಅಂದರೆ ಉತ್ತರವಿಲ್ಲವೆಂದು, ತಿಳಿಸುವದು. ಆಗ ಆ ಸ್ಥಳವನ್ನು ಖಾಲಿಯಾಗಿಯೇ ಇಟ್ಟು ಮತ್ತೊಮ್ಮೆ ಕೇಳತಕ್ಕದ್ದು. ಅಲ್ಲಿ ಇಂದಿನ ತಾರೀಖನ್ನು ತುಂಬುವದು, ಬಾರದವಳನ್ನು ಹಾಜರೆಂದು ಬರೆದಂತೆಯೇ ಸರಿ.

ಇನ್ನುಳಿದದ್ದು ಎಲ್ಲಕ್ಕಿಂತ ಸೂಕ್ಷ್ಮವಾದ ತೊಡಕು. ಆರಿಸಿದ ದಿನವು ಆ್ಯಪಿನ ಕೈಗೆ ಬರುವಾಗ ಅದರೊಂದಿಗೆ ಒಂದು ವೇಳೆಯೂ ಅಂಟಿಕೊಂಡಿರುವದು. ಅದು ಆ ದಿನವು ಹುಟ್ಟುವ ನಡುರಾತ್ರಿ, ಸೊನ್ನೆ ಗಂಟೆ. ಭಾರತದ ಕಾಲಮಾನವು ಯು.ಟಿ.ಸಿ. ಎಂಬ ಲೋಕಸಾಮಾನ್ಯ ಕಾಲಮಾನಕ್ಕಿಂತ ಐದೂವರೆ ತಾಸು ಮುಂದಿದೆ. ಆದುದರಿಂದ 2012ನೆಯ ಜೂನ್ 15ರ ಸೊನ್ನೆ ಗಂಟೆಯನ್ನು ಆ ಕಾಲಮಾನಕ್ಕೆ ತಿರುಗಿಸಿ ಸರ್ವರಿಗೆ ಕಳುಹಿಸಿದರೆ, ಅದು ಜೂನ್ 14ರ ಸಂಜೆ ಆರೂವರೆ ಗಂಟೆಯಾಗುವದು. ಅಲ್ಲಿ ವೇಳೆಯನ್ನು ಬಿಟ್ಟು ತಾರೀಖನ್ನು ಮಾತ್ರ ಇಟ್ಟುಕೊಂಡರೆ ಹುಡುಗಿಯು ಒಂದು ದಿನ ಮುಂಚೆ ಹುಟ್ಟಿದವಳಾಗುವಳು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಕಾಣದು. ವಯಸ್ಸಿನ ಮಿತಿಯನ್ನು ಇಂಥ ದಿನಕ್ಕೆಂದು ಗೊತ್ತುಮಾಡಿರುವಲ್ಲಿ ಈ ಒಂದು ದಿನವೇ ಅವಳ ಹಕ್ಕನ್ನು ತಪ್ಪಿಸಲು ಸಾಕು.

ಇದಕ್ಕೆ ಪರಿಹಾರವು ಸುಲಭವಾದದ್ದು. ಜನ್ಮದಿನವೆಂಬದು ಒಂದು ದಿನವೇ ಹೊರತು ಒಂದು ಕ್ಷಣವಲ್ಲ. ಆದುದರಿಂದ ವೇಳೆಯನ್ನು ಮೊದಲೇ ತೆಗೆದುಹಾಕಿ, ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2012-06-15 ಎಂದು ಬರಿಯ ಅಕ್ಷರಗಳಾಗಿ ಕಳುಹಿಸತಕ್ಕದ್ದು. 1988ರಲ್ಲಿ ಮೊದಲು ಪ್ರಕಟವಾದ ಐ.ಎಸ್.ಓ. 8601 ಎಂಬ ಅಂತರರಾಷ್ಟ್ರೀಯ ನಿಯಮದ ಕ್ರಮವೂ ಇದೇ. ಬಳಿಕ “15 ಜೂನ್ 2012, ಸರಿಯೇ?” ಎಂದು ಪರದೆಯ ಮೇಲೆ ತೋರಿಸಿ ಒಪ್ಪಿಗೆಯನ್ನು ಪಡೆಯಬೇಕು.

ಕೆಲಸ ಮುಗಿಯಿತೆನ್ನುವ ಮುಂಚೆ 2012ನೆಯ ಜನವರಿ 1ನ್ನೂ ಫೆಬ್ರವರಿ 29ನ್ನೂ ಆರಿಸಿ, ಸರ್ವರಿನಲ್ಲಿ ಬರೆದಿರುವದನ್ನು ತೆರೆದು ಓದಿರಿ. ಜನವರಿ 1 ಎಂಬದು ಅಲ್ಲಿ 2011ನೆಯ ದಶಂಬರ 31 ಆಗಿದ್ದರೆ ದೋಷವು ಎಲ್ಲಿದೆಯೆಂದು ನಿಮಗೆ ಗೊತ್ತಾಗುವದು. ಈ ಪರೀಕ್ಷೆಗೆ ಹಿಡಿಯುವ ಹೊತ್ತು ಸ್ವಲ್ಪವೇ. ತಪ್ಪಾಗಿ ದಾಖಲಾದ ಜನ್ಮದಿನವನ್ನು ತಿದ್ದಿಸಿಕೊಳ್ಳಲು ಒಬ್ಬ ಹೆಣ್ಣುಮಗಳು ಕಚೇರಿಗಳ ಬಾಗಿಲಲ್ಲಿ ಕಾಯಬೇಕಾದ ಹೊತ್ತು ಸ್ವಲ್ಪವಲ್ಲವೆಂಬದನ್ನು ಮರೆಯದಿರಿ.