ಸಂಕ್ರಾಂತಿ 14ಕ್ಕಾ, 15ಕ್ಕಾ?

ಜನವರಿ ಬಂತು ಅಂದ್ರೆ ನಮ್ಮ ಸ್ಟುಡಿಯೋ ಫೋನಿಗೆ ಒಂದೇ ಪ್ರಶ್ನೆ. ಹಬ್ಬ 14ಕ್ಕಾ, 15ಕ್ಕಾ? ಆ ಕಡೆ ಒಬ್ಬರು, ಈ ಕಡೆ ಒಬ್ಬರು ಜ್ಯೋತಿಷಿಗಳನ್ನ ಕೂರಿಸಿದರೆ ಒಂದು ಗಂಟೆ ಕಾರ್ಯಕ್ರಮ ಸಲೀಸಾಗಿ ಆಗುತ್ತೆ. ಲೆಕ್ಕ ಹೇಳೋಕೆ ಮಾತ್ರ ಎರಡು ನಿಮಿಷ ಸಾಕು.

ಯುಗಾದಿ, ದೀಪಾವಳಿ ಚಂದ್ರನ ಲೆಕ್ಕದ ಹಬ್ಬಗಳು. ಅದಕ್ಕೇ ತಾರೀಖು ವರ್ಷ ವರ್ಷ ಓಡಾಡುತ್ತೆ. ಸಂಕ್ರಾಂತಿ ಸೂರ್ಯನದ್ದು, ಆತ ಮಕರ ರಾಶಿಗೆ ಕಾಲಿಡುವ ಹೊತ್ತು. ಆ ಹೊತ್ತು ಪ್ರತಿ ವರ್ಷ ಸುಮಾರು ಆರು ಗಂಟೆ ಮುಂದಕ್ಕೆ ಹೋಗುತ್ತೆ, ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ 29 ಅದನ್ನ ಹಿಂದಕ್ಕೆಳೆಯುತ್ತೆ. ಪ್ರವೇಶ ರಾತ್ರಿಯಾದರೆ ಹಬ್ಬ ಮಾರನೇ ದಿನಕ್ಕೆ. ಜಗಳ ಇಷ್ಟೇ.

ಇದರ ಜೊತೆಗೆ, ನಕ್ಷತ್ರ ನೋಡಿ ಎಣಿಸುವ ನಮ್ಮ ಪಂಚಾಂಗದ ವರ್ಷ ಋತುಗಳ ವರ್ಷಕ್ಕಿಂತ 20 ಚಿಲ್ಲರೆ ನಿಮಿಷ ಉದ್ದ. ಹೀಗಾಗಿ ಎಪ್ಪತ್ತು ವರ್ಷದ ಆಸುಪಾಸಿಗೆ ಹಬ್ಬ ಒಂದು ದಿನ ಮುಂದೆ ಸರಿಯುತ್ತೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ತಾರೀಖು ನೋಡಿ, 1863ರ ಜನವರಿ 12! ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೆ.

ಮಂಡ್ಯ ಸೀಮೆಯ ನಮ್ಮೂರಲ್ಲಿ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ. ನಮಗೆ ಹಬ್ಬ ಶುರುವಾಗ್ತಿದ್ದದ್ದು ವಾರದ ಮುಂಚೆ, ಅಜ್ಜಿ ಕೊಬ್ಬರಿ ಹೆಚ್ಚೋಕೆ ಕೂತಾಗ. ಕರಿ ಸಿಪ್ಪೆ ಹೆರೆದು, ಬಿಳಿ ಕೊಬ್ಬರಿ ಸಣ್ಣಗೆ ಹೆಚ್ಚಿ, ಅಚ್ಚುಬೆಲ್ಲ ಅದೇ ಅಳತೆಗೆ ಕತ್ತರಿಸಿ, ಎರಡನ್ನೂ ಬಿಸಿಲಿಗೆ ಹರಡಬೇಕು. ಒಣಗದೇ ಇದ್ರೆ ಎಳ್ಳು ಮುದ್ದೆಯಾಗಿಬಿಡುತ್ತೆ. ಕಡಲೆಕಾಯಿ ಬೀಜ ಹುರಿದು ಉಜ್ಜಿ ಸಿಪ್ಪೆ ಊದೋದು ಮಕ್ಕಳ ಕೆಲಸ. ಹುರಿಗಡಲೆ ಕಾಯೋದೂ ನಮ್ಮದೇ, ಅರ್ಧ ನಮ್ಮ ಹೊಟ್ಟೆಗೆ. ಸಕ್ಕರೆ ಅಚ್ಚಿನ ಪಾಕಕ್ಕೆ ಮಾತ್ರ ಅಜ್ಜಿ ಯಾರನ್ನೂ ಹತ್ತಿರ ಬಿಡ್ತಿರಲಿಲ್ಲ. ಹಾಲು ಬಿಟ್ಟು ಕೊಳೆ ತೆಗೆದು, ಹದ ನೋಡಿ ಮರದ ಅಚ್ಚಿಗೆ ಹೊಯ್ಯಬೇಕು. ಒಂದು ಕ್ಷಣ ತಡವಾದರೆ ಪಾತ್ರೆಯಲ್ಲೇ ಕಲ್ಲು.

ಹಬ್ಬದ ಸಂಜೆ ಹೊಸ ಬಟ್ಟೆ ಹಾಕ್ಕೊಂಡು ಅಕ್ಕ ಎಳ್ಳು ಬೀರೋಕೆ ಹೊರಟರೆ ಹಿಂದೆ ಕಬ್ಬು ಹಿಡಿದು ನಾನು. ನಾವು ಕೊಟ್ಟಷ್ಟು ಎಳ್ಳು ಆ ಮನೆಯವರೂ ಕೊಡೋರು. ರಾತ್ರಿ ಡಬ್ಬ ತೆಗೆದರೆ ತುಂಬೇ ಇರ್ತಿತ್ತು, ಆದರೆ ಅದರಲ್ಲಿ ನಮ್ಮ ಮನೆಯದು ಯಾವುದು ಅಂತ ಹೇಳೋಕೆ ಆಗ್ತಿರಲಿಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತಾರಲ್ಲ, ನಮ್ಮ ಚರ್ಚೆಗಳನ್ನ ನೋಡಿದರೆ ಸ್ಟುಡಿಯೋದಲ್ಲಿ ಯಾರೂ ತಿಂದ ಹಾಗೆ ಕಾಣಲ್ಲ.

ವಾರವಿಡೀ ಕೂತು ಇದನ್ನೆಲ್ಲ ಮಾಡಿದ ಅಜ್ಜಿ ಆ ಸಂಜೆ ನಡುಮನೆಗೆ ಬರ್ತಿರಲಿಲ್ಲ. ತಾತ ತೀರಿಹೋಗಿದ್ದರು. ಗಂಡ ಇಲ್ಲದೋರು ಎಳ್ಳು ಬೀರಬಾರದು, ಅವರಿಗೆ ಯಾರೂ ಅರಿಶಿನ ಕುಂಕುಮ ಕೊಡಬಾರದು. ಯಾರೂ ಕೂಗಾಡಿ ತಡೆದದ್ದಲ್ಲ. ಅಜ್ಜಿಯೇ ಹಿತ್ತಲಲ್ಲಿ ಎತ್ತಿನ ಮೈ ತೊಳೀತಾ ನಿಂತುಬಿಡೋರು. ಕಿಚ್ಚು ಹಾಯಿಸೋ ಎತ್ತಿಗೂ ಅವತ್ತು ಕೊಂಬಿಗೆ ಬಣ್ಣ, ಕೊರಳಿಗೆ ಹೂವು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅವ್ವ ತಟ್ಟೆ ತಂದು ಅಜ್ಜಿ ಕೈಗಿಟ್ಟಳು. ‘ಅತ್ತೆ, ಮಾಡಿದೋರು ನೀವು. ಈ ಸಲ ನೀವೇ ಹೋಗಿ ಬೀರ್‍ಬನ್ನಿ.’ ಅಜ್ಜಿ ಬೇಡ ಅಂದರು. ಅಪ್ಪ ಮಾತಾಡಲಿಲ್ಲ. ಅವ್ವನೂ ಬಿಡಲಿಲ್ಲ.

ಮೊದಲ ಮನೆಯವರು ಒಳಗೆ ಕರೀಲಿಲ್ಲ, ಜಗಲಿ ಮೇಲಿಡಿ ಅಂದರು. ಎರಡನೇ ಮನೆ ಬಾಗಿಲು ಮುಚ್ಚಿತ್ತು. ಮೂರನೇ ಮನೆಯಾಕೆ ಅಜ್ಜಿಗಿಂತ ದೊಡ್ಡವರು, ಅವರಿಗೂ ಗಂಡ ಇರಲಿಲ್ಲ. ಸೆರಗು ಒಡ್ಡಿ ಎಳ್ಳು ಇಸ್ಕೊಂಡರು. ಒಳಗೆ ಹೋಗಿ ಎಷ್ಟೋ ಹೊತ್ತು ಡಬ್ಬ ತಡಕಾಡಿದರು. ಅವರ ಮನೆಗೆ ಎಳ್ಳು ಬಂದು ವರ್ಷಗಳಾಗಿತ್ತು, ವಾಪಸ್ ಕೊಡೋಕೆ ಏನೂ ಮಾಡಿಟ್ಟಿರಲಿಲ್ಲ. ಕೊನೆಗೆ ಒಂದು ಹಿಡಿ ಅವರೆಕಾಯಿ ತಂದು ತಟ್ಟೆಗೆ ಹಾಕಿದರು.